ಗಡಿಯಾಚೆ ಕೆಲಸ: ಯಾವ ರಾಜ್ಯದ ಕನಿಷ್ಠ ವೇತನ?

ಪ್ರಶ್ನೆ: ಮನೆ ಕೇರಳದ ಉಪ್ಪಳ, ಕೆಲಸ ಮಂಗಳೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ. ಕನಿಷ್ಠ ವೇತನ ಕೇರಳದ್ದೋ, ಕರ್ನಾಟಕದ್ದೋ? ಇಎಸ್‌ಐ (ನೌಕರರ ರಾಜ್ಯ ವಿಮೆ) ಚಿಕಿತ್ಸೆಗೆ ಮಂಗಳೂರಿಗೇ ಹೋಗಬೇಕೇ?
– ಓದುಗರು, ಉಪ್ಪಳ

ಉತ್ತರ: ಕರ್ನಾಟಕದ್ದು. ಲೆಕ್ಕಕ್ಕೆ ಬರುವುದು ದುಡಿಯುವ ಜಾಗ; ರೇಷನ್ ಕಾರ್ಡಿನ ವಿಳಾಸವಲ್ಲ. ಕರ್ನಾಟಕದಲ್ಲಿ ಕನಿಷ್ಠ ವೇತನದ ಭಾಗವಾದ ತುಟ್ಟಿಭತ್ಯೆ (ಬೆಲೆಯೇರಿಕೆಗೆ ತಕ್ಕಂತೆ ಕೊಡುವ ಭತ್ಯೆ) ಪ್ರತಿ ಏಪ್ರಿಲ್ 1ಕ್ಕೆ ಪರಿಷ್ಕರಣೆಯಾಗುತ್ತದೆ. ಹೆಚ್ಚಿನವರು ಮೋಸಹೋಗುವುದು ಇಲ್ಲೇ: ಹಳೆಯ ಸಂಬಳವೇ ಮುಂದುವರಿಯುತ್ತದೆ, ಯಾರೂ ಕೇಳುವುದಿಲ್ಲ. ಏಪ್ರಿಲ್ ಸಂಬಳದ ಚೀಟಿಯಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಕೂಡಿಸಿ, ಅಂಗಡಿಯಿರುವ ವಲಯ ಹಾಗೂ ನಿಮ್ಮ ಕೆಲಸದ ದರ್ಜೆಗೆ ಸರ್ಕಾರ ನಿಗದಿಪಡಿಸಿದ ದರದೊಂದಿಗೆ ತಾಳೆ ನೋಡಿ. ಬಸ್ ಖರ್ಚೆಂದು ಕೊಡುವ ಹಣವನ್ನು ಇದಕ್ಕೆ ಸೇರಿಸಬೇಡಿ.

10 ಅಥವಾ ಹೆಚ್ಚು ನೌಕರರಿರುವ ಅಂಗಡಿಯಾದರೆ, ಸಂಬಳ ತಿಂಗಳಿಗೆ 21,000 ರೂಪಾಯಿವರೆಗಿದ್ದವರಿಗೆ ಇಎಸ್‌ಐ ಇದೆ. 16,000 ಸಂಬಳಕ್ಕೆ ನಿಮ್ಮ ಪಾಲು 120 (ಶೇ. 0.75), ಮಾಲೀಕರದ್ದು 520 (ಶೇ. 3.25). ಮಾಲೀಕರ ಪಾಲನ್ನೂ ನಿಮ್ಮ ಸಂಬಳದಿಂದ ಕಡಿಯುವುದು ಕಾನೂನುಬಾಹಿರ. ವಿಮಾ ಸಂಖ್ಯೆ ದೇಶಕ್ಕೆಲ್ಲ ಒಂದೇ. ಮನೆಗೆ ಹತ್ತಿರದ ಡಿಸ್ಪೆನ್ಸರಿ ಕೇಳಿಕೊಳ್ಳಬಹುದು.

ವೇತನದ ದೂರನ್ನು ಮಂಗಳೂರಿನ ಕಾರ್ಮಿಕ ಇಲಾಖೆಗೇ ಕೊಡಿ, ಕಾಸರಗೋಡಿನ ಕಚೇರಿಗೆ ಇದರಲ್ಲಿ ಅಧಿಕಾರವಿಲ್ಲ. ಜತೆಗೆ ಬ್ಯಾಂಕ್ ಪಾಸ್‌ಬುಕ್ ಮತ್ತು ಹಾಜರಿಯ ಫೋಟೋ ಇರಲಿ.