ಹದಿಹರೆಯದವರಿಗೆ ಕನ್ನಡದಲ್ಲಿ ಹೊಸ ಕಾದಂಬರಿಗಳಿವೆಯೇ?

ಪ್ರಶ್ನೆ: ಬೆಂಗಳೂರಿನಲ್ಲಿದ್ದೇವೆ. ಮಗಳಿಗೆ 14 ವರ್ಷ, ಇಂಗ್ಲಿಷ್ ಕಾದಂಬರಿಗಳನ್ನಷ್ಟೇ ಓದುತ್ತಾಳೆ. ಕನ್ನಡದಲ್ಲಿ ಹೊಸದೇನಿದೆ?

ಉತ್ತರ: ಇದೆ. ಆದರೆ ಹುಡುಕಬೇಕು. ನಮ್ಮಲ್ಲಿ 'ಯಂಗ್ ಅಡಲ್ಟ್' ಅಂತ ಬೇರೆ ಕಪಾಟು ಸಿಗುವುದು ಅಪರೂಪ. ಇಂಥ ಪುಸ್ತಕಗಳೆಲ್ಲ 'ಮಕ್ಕಳ ಸಾಹಿತ್ಯ'ದ ರಾಶಿಯಲ್ಲಿ, ಬಣ್ಣದ ಚಿತ್ರಪುಸ್ತಕಗಳ ನಡುವೆ ಕೂತಿರುತ್ತವೆ. 14ರ ಹುಡುಗಿ ಅಲ್ಲಿಗೆ ಹೋಗಿ ನಿಲ್ತಾಳಾ? ಇಲ್ಲ ಅಲ್ವಾ!

ನಾನು ಹಿಡಿದಿರುವ ಸುಲಭ ದಾರಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರದ ಪಟ್ಟಿ. ಕನ್ನಡಕ್ಕೆ 2021ರಲ್ಲಿ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', 2022ರಲ್ಲಿ ತಮ್ಮಣ್ಣ ಬೀಗಾರ ಅವರ 'ಬಾವಲಿ ಗುಹೆ', 2023ರಲ್ಲಿ ವಿಜಯಶ್ರೀ ಹಾಲಾಡಿ ಅವರ 'ಸೂರಕ್ಕಿ ಗೇಟ್'. ಸತತ ಮೂರು ವರ್ಷವೂ ಕಾದಂಬರಿಗಳೇ! ಮುಂದಿನ ವರ್ಷಗಳ ಪಟ್ಟಿಯ ಮೇಲೂ ಕಣ್ಣಿಡಿ, ಹೊಸ ಹೆಸರುಗಳು ಸಿಗುತ್ತವೆ.

ಪುಸ್ತಕಕ್ಕೆ ಗಾಂಧಿ ಬಜಾರಿನ ಅಂಕಿತ, ಗಾಂಧಿನಗರದ ಸಪ್ನಾ ಎರಡೂ ಪುಸ್ತಕದಂಗಡಿಗಳನ್ನು ನೋಡಿ. ಹೋಗುವ ಮುಂಚೆ ಫೋನ್ ಮಾಡಿದರೆ ಟ್ರಾಫಿಕ್ಕಿನಲ್ಲಿ ಸುಮ್ನೆ ಅಲೆಯುವುದು ತಪ್ಪುತ್ತದೆ.

ಹೊಸದೇ ಬೇಕು ಅಂತ ಹಟ ಇಲ್ಲದಿದ್ದರೆ ನಾನು ಮೊದಲು ಕೊಡುವುದು ತೇಜಸ್ವಿಯವರ 'ಕರ್ವಾಲೊ'. ಬಂದದ್ದು 1980ರಲ್ಲಿ. ಮಲೆನಾಡಿನ ಕಾಡಿನಲ್ಲಿ ಹಾರುವ ಓತಿಯನ್ನು ಹುಡುಕಿಕೊಂಡು ಹೋಗುವ ಕಥೆ, ಜೊತೆಗೆ ಮಂದಣ್ಣ ಎಂಬ ಪಾತ್ರದ ತಮಾಷೆ. ಮೊದಲ ಎರಡು ಅಧ್ಯಾಯ ನೀವೇ ಗಟ್ಟಿಯಾಗಿ ಓದಿ ಹೇಳಿ. ಮಗಳು ಕನ್ನಡ ನಿಧಾನವಾಗಿ ಓದುವವಳಾದರೆ ಇದು ಜಾಸ್ತಿ ಉಪಯೋಗಕ್ಕೆ ಬರುತ್ತದೆ.