ಲಾರಿ ಅಪಘಾತದ ಪರಿಹಾರ: ಯಾವ ಹಣಕ್ಕೆ ತೆರಿಗೆ, ಯಾವುದಕ್ಕಿಲ್ಲ?

ಪ್ರಶ್ನೆ: ನಾನು ಗಾರೆ ಕೆಲಸದವನು. ಲಾರಿ ಡಿಕ್ಕಿ ಹೊಡೆದು ಬಲಗಾಲು ಮುರಿದ ಮೇಲೆ ಕೆಲಸಕ್ಕೆ ಹೋಗಲಾಗಿಲ್ಲ, ಬೇರೆ ಆದಾಯವೂ ಇಲ್ಲ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ 15 ಲಕ್ಷ ರೂ. ಪರಿಹಾರ ಕೊಟ್ಟಿತು. ಅದರಲ್ಲಿ 1 ಲಕ್ಷ ಮುಂದಿನ ಆಪರೇಷನ್ ಖರ್ಚಿಗೆ. ಉಳಿದ 14 ಲಕ್ಷಕ್ಕೆ ಶೇ 6ರಂತೆ ಮೂರೂವರೆ ವರ್ಷದ ಬಡ್ಡಿ. 2026ರ ಜನವರಿಯಲ್ಲಿ ಹಣ ಬಂದಾಗ ವಿಮಾ ಕಂಪನಿ 29,400 ರೂ. ಟಿಡಿಎಸ್ (ಹಣ ಕೊಡುವವರೇ ಮೊದಲೇ ಕಡಿತ ಮಾಡುವ ತೆರಿಗೆ) ಹಿಡಿದಿತ್ತು. ಇಡೀ ಮೊತ್ತಕ್ಕೆ ತೆರಿಗೆ ಕಟ್ಟಬೇಕೇ? ವಕೀಲರ ಫೀ ಕಳೆಯಬಹುದೇ?
— ಓದುಗರು, ತುಮಕೂರು

ಉತ್ತರ: ಇಲ್ಲ. ನಿಮ್ಮ ಕೈಗೆ ಬಂದದ್ದು ಒಂದೇ ಮೊತ್ತವಾದರೂ ತೆರಿಗೆಯ ಲೆಕ್ಕದಲ್ಲಿ ಅಸಲು ಬೇರೆ, ಬಡ್ಡಿ ಬೇರೆ. ದೇಹಕ್ಕಾದ ಗಾಯ, ನೋವು, ಆಸ್ಪತ್ರೆ ಖರ್ಚು, ದುಡಿಯುವ ಶಕ್ತಿ ಕುಂದಿದ್ದು, ಇವುಗಳಿಗೆ ಕೊಟ್ಟ 15 ಲಕ್ಷ ಬಂಡವಾಳ ಸ್ವರೂಪದ್ದು, ಅದು ಆದಾಯವೇ ಅಲ್ಲ. ಅದಕ್ಕೆ ತೆರಿಗೆಯಿಲ್ಲ.

ಬಡ್ಡಿ 14,00,000 × ಶೇ 6 × 3.5 ವರ್ಷ, ಅಂದರೆ 2,94,000 ರೂ. ಟಿಡಿಎಸ್ ಹಿಡಿದಿರುವುದು ಇದರ ಶೇ 10, ಅಂದರೆ ಸರಿಯಾಗಿ 29,400. ಹಾಗಾಗಿ ಕಂಪನಿಯ ಲೆಕ್ಕ ತಪ್ಪಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 194ಎ ಪ್ರಕಾರ, ಒಬ್ಬರಿಗೆ ಒಂದು ಹಣಕಾಸು ವರ್ಷದಲ್ಲಿ ಪಾವತಿಯಾದ ಇಂಥ ಬಡ್ಡಿ 50,000 ರೂ. ದಾಟಿದರೆ ಟಿಡಿಎಸ್ ಹಿಡಿಯಬೇಕಿತ್ತು.

ಮೂರೂವರೆ ವರ್ಷದ ಬಡ್ಡಿಯಾದರೂ ಹಣ ಕೈಸೇರಿದ ವರ್ಷದ ಆದಾಯವೆಂದೇ ತೋರಿಸಬೇಕು, 'ಇತರ ಮೂಲಗಳ ಆದಾಯ'ದ ಕೆಳಗೆ. ಅದರಲ್ಲಿ ಅರ್ಧವನ್ನು ಕಲಂ 57(iv) ಅಡಿ ನೇರವಾಗಿ ಕಳೆಯಬಹುದು. ಉಳಿಯುವುದು 1,47,000. ವಕೀಲರ ಫೀಯನ್ನು ಬೇರೆಯಾಗಿ ಕಳೆಯಲು ಅವಕಾಶವಿಲ್ಲ, ಆ ಅರ್ಧದಲ್ಲೇ ಎಲ್ಲ ಖರ್ಚೂ ಸೇರಿದಂತೆ. ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ಹಾಗಾಗಿ ನೀವು ಕಟ್ಟಬೇಕಾದ್ದು ಸೊನ್ನೆ, 29,400 ರೂ. ಪೂರ್ತಿ ವಾಪಸ್ ಬರಬೇಕು.

ಆದರೆ ಅದು ತಾನಾಗಿ ಬರುವುದಿಲ್ಲ. 2026ರ ಜುಲೈ 31ರೊಳಗೆ ರಿಟರ್ನ್ ಸಲ್ಲಿಸಿ. ಮೊದಲು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ ಫಾರಂ 26ಎಎಸ್ (ನಿಮ್ಮ ಹೆಸರಲ್ಲಿ ಜಮೆಯಾದ ತೆರಿಗೆಯ ಪಟ್ಟಿ) ತೆಗೆದು 29,400 ರೂ. ನಿಮ್ಮ ಪ್ಯಾನ್‌ಗೇ ಜಮೆಯಾಗಿದೆಯೇ ನೋಡಿ. ರೀಫಂಡ್ ಬರಬೇಕಾದ ಬ್ಯಾಂಕ್ ಖಾತೆಯನ್ನು ಪೋರ್ಟಲ್‌ನಲ್ಲಿ ವ್ಯಾಲಿಡೇಟ್ ಮಾಡಿಸಿ. ಸಲ್ಲಿಸಿದ 30 ದಿನದೊಳಗೆ ಆಧಾರ್ ಓಟಿಪಿ ಮೂಲಕ ಇ-ವೆರಿಫೈ ಮಾಡಿ. ಬಹಳ ಜನರ ರೀಫಂಡ್ ನಿಲ್ಲುವುದು ಈ ಕೊನೆಯ ಹೆಜ್ಜೆ ಮರೆತಾಗ.

ಇದೇ ಪರಿಸ್ಥಿತಿಯಲ್ಲಿರುವ ಇತರರು ಎರಡು ಎಡವಟ್ಟುಗಳನ್ನು ಗಮನಿಸಬೇಕು. ಪ್ಯಾನ್ ಕೊಡದಿದ್ದರೆ, ಅಥವಾ ಆಧಾರ್ ಜೋಡಣೆಯಾಗದೆ ಪ್ಯಾನ್ ನಿಷ್ಕ್ರಿಯವಾಗಿದ್ದರೆ, ಶೇ 10ರ ಬದಲು 20 ಹಿಡಿಯುತ್ತಿದ್ದರು. ಇನ್ನೊಂದು, ಅಸಲು-ಬಡ್ಡಿ ವಿಂಗಡಿಸದೆ ಇಡೀ ಮೊತ್ತದ ಮೇಲೆ ಕಡಿತ ಮಾಡುವುದು. ನಿಮ್ಮ ಪ್ರಕರಣದಲ್ಲಿ ಹಾಗಾಗಿದ್ದರೆ 1,79,400 ರೂ. ಹೋಗುತ್ತಿತ್ತು! ಆಗ ತೀರ್ಪಿನ ದೃಢೀಕೃತ ನಕಲು ಮತ್ತು ಬಡ್ಡಿ ಲೆಕ್ಕದ ಹಾಳೆ ಲಗತ್ತಿಸಿ, ಟಿಡಿಎಸ್ ವಿವರಪಟ್ಟಿಯನ್ನು ತಿದ್ದುವಂತೆ ವಿಮಾ ಕಂಪನಿಗೆ ಬರೆಯಿರಿ. ಎಐಎಸ್‌ನಲ್ಲಿ (ಪೋರ್ಟಲ್‌ನಲ್ಲಿರುವ ನಿಮ್ಮ ವಾರ್ಷಿಕ ಮಾಹಿತಿ ಪಟ್ಟಿ) ಆ ನಮೂದಿನ ಎದುರು 'ಮಾಹಿತಿ ಸರಿಯಿಲ್ಲ' ಎಂದು ಪ್ರತಿಕ್ರಿಯೆ ದಾಖಲಿಸಿ. ರಿಟರ್ನ್‌ನಲ್ಲಿ ನಿಜವಾದ ಬಡ್ಡಿಯನ್ನಷ್ಟೇ ತೋರಿಸಿ, ಪೂರ್ತಿ ಟಿಡಿಎಸ್ ಕೇಳಿ.

ಅರ್ಜಿ ಹಾಕಿದ ದಿನದಿಂದ ತೀರ್ಪಿನವರೆಗಿನ ಬಡ್ಡಿಯೂ ಪರಿಹಾರದ ಭಾಗವೇ, ಅದು ಆದಾಯವಲ್ಲ ಎಂದು ಬಾಂಬೆ ಹೈಕೋರ್ಟ್ 2019ರಲ್ಲಿ ಹೇಳಿದೆ. ಹೆಚ್ಚು ಆದಾಯವಿದ್ದು ದೊಡ್ಡ ತೆರಿಗೆ ಬೀಳುವವರು ಲೆಕ್ಕಪರಿಶೋಧಕರೊಡನೆ ಚರ್ಚಿಸಿ ಈ ವಾದ ಮುಂದಿಡಬಹುದು, ನೋಟಿಸ್ ಬಂದರೆ ಉತ್ತರಿಸುವ ಸಿದ್ಧತೆಯೂ ಇರಲಿ. ನಿಮಗೆ ಅದರ ಅಗತ್ಯವಿಲ್ಲ. ಅರ್ಧ ತೋರಿಸಿದರೂ ತೆರಿಗೆ ಸೊನ್ನೆಯೇ ಆಗುವಾಗ ತಕರಾರಿಗೆ ದಾರಿ ಮಾಡಿಕೊಡಬೇಡಿ.

2026ರ ಬಜೆಟ್‌ನಲ್ಲಿ ಘೋಷಣೆಯಾದಂತೆ, ಆ ವರ್ಷದ ಏಪ್ರಿಲ್ 1ರಿಂದ ನ್ಯಾಯಮಂಡಳಿ ವ್ಯಕ್ತಿಗಳಿಗೆ ಕೊಡಿಸುವ ಬಡ್ಡಿಗೆ ತೆರಿಗೆ ವಿನಾಯಿತಿ ಇದೆ, ಟಿಡಿಎಸ್ ಕೂಡ ಇಲ್ಲ. ಕೈಕಾಲು ಕಳೆದುಕೊಂಡವರ ಹಣಕ್ಕೆ ಕತ್ತರಿ ಹಾಕಿ, ಆಮೇಲೆ ಅವರನ್ನೇ ರೀಫಂಡ್‌ಗೆ ಅಲೆಸುತ್ತಿದ್ದ ಪದ್ಧತಿ ಹೋದದ್ದು ನ್ಯಾಯವೇ. ನಿಮ್ಮ ಹಣ ಜನವರಿಯಲ್ಲೇ ಬಂದದ್ದರಿಂದ ನಿಮಗೆ ಹಳೆಯ ನಿಯಮ.

ಪ್ರಶ್ನೆ: ಲಾರಿ ಅಪಘಾತದಲ್ಲಿ ನನ್ನ ಗಂಡ ತೀರಿಕೊಂಡರು. ಪರಿಹಾರದಲ್ಲಿ ಇಬ್ಬರು ಮಕ್ಕಳ ಪಾಲನ್ನು (ವಯಸ್ಸು 9 ಮತ್ತು 13) ಅವರು 18 ತುಂಬುವವರೆಗೆ ಬ್ಯಾಂಕಿನಲ್ಲಿ ಠೇವಣಿ ಇಡಲು ಆದೇಶವಾಗಿದೆ. ಅದರ ಬಡ್ಡಿಗೂ ವಿನಾಯಿತಿ ಇದೆಯೇ?
— ಓದುಗರು, ಹಾವೇರಿ

ಉತ್ತರ: ಇಲ್ಲ. ನ್ಯಾಯಮಂಡಳಿ ಕೊಡಿಸಿದ ಬಡ್ಡಿ ಬೇರೆ, ಠೇವಣಿ ಇಟ್ಟ ಮೇಲೆ ಬ್ಯಾಂಕ್ ಕೊಡುವ ಬಡ್ಡಿ ಬೇರೆ. ಎರಡನೆಯದು ಎಲ್ಲರ ಎಫ್‌ಡಿ ಬಡ್ಡಿಯಂತೆ ತೆರಿಗೆಗೆ ಒಳಪಡುತ್ತದೆ. ಅಪ್ರಾಪ್ತ ಮಕ್ಕಳ ಈ ಆದಾಯ ನಿಮ್ಮ ಆದಾಯಕ್ಕೆ ಸೇರುತ್ತದೆ. ಪ್ರತಿ ಮಗುವಿಗೆ 1,500 ರೂ. ವಿನಾಯಿತಿ ಹಳೆಯ ಪದ್ಧತಿಯಲ್ಲಿ ಮಾತ್ರ. ಮಗುವಿಗೇ ಕಾಯ್ದೆ ಹೇಳುವ ಪ್ರಮಾಣದ ಅಂಗವೈಕಲ್ಯ ಇದ್ದರೆ ಆದಾಯ ಪೋಷಕರಿಗೆ ಸೇರದೆ ಮಗುವಿನ ಹೆಸರಲ್ಲೇ ಉಳಿಯುತ್ತದೆ. ತಂದೆತಾಯಿ ಇಬ್ಬರೂ ಇಲ್ಲದ ಮಕ್ಕಳಿಗೂ ಹಾಗೆಯೇ.

ಜನ ಸಿಕ್ಕಿಬೀಳುವುದು ಮುಖ್ಯವಾಗಿ ಇಲ್ಲಿ: ಬಡ್ಡಿ ಅಸಲಿಗೆ ಸೇರುತ್ತಾ ಹೋಗುವ ಠೇವಣಿಯಲ್ಲಿ ಕೈಗೆ ಕಾಸು ಬರದಿದ್ದರೂ ಬ್ಯಾಂಕ್ ವರ್ಷವರ್ಷವೂ ಬಡ್ಡಿ ಲೆಕ್ಕ ಹಾಕಿ, ಮಿತಿ ದಾಟಿದರೆ ಟಿಡಿಎಸ್ ಹಿಡಿಯುತ್ತದೆ. ನೀವೂ ವರ್ಷವರ್ಷವೇ ತೋರಿಸಿ. 13 ವರ್ಷದ ಮಗುವಿನ ಠೇವಣಿಯ ಐದು ವರ್ಷದ ಬಡ್ಡಿಯನ್ನು ಕೊನೆಗೆ ಒಟ್ಟಿಗೆ ತೋರಿಸಹೊರಟರೆ ಆದಾಯ ಒಂದೇ ವರ್ಷಕ್ಕೆ ಗುಡ್ಡೆಯಾಗುತ್ತದೆ, ಹಿಂದಿನ ವರ್ಷಗಳ ಟಿಡಿಎಸ್ ಕೈತಪ್ಪುತ್ತದೆ. ಸಾಮಾನ್ಯ ಗ್ರಾಹಕರಿಗೆ ಟಿಡಿಎಸ್ ಮಿತಿ ಒಂದು ಬ್ಯಾಂಕಿನಲ್ಲಿ ವರ್ಷಕ್ಕೆ 50,000 ರೂ. ಬಡ್ಡಿ. ಟಿಡಿಎಸ್ ಮಕ್ಕಳ ಪ್ಯಾನ್‌ಗೆ ಹೋಗದೆ ನಿಮ್ಮ ಪ್ಯಾನ್‌ಗೆ ಜಮೆಯಾಗುವಂತೆ ಬ್ಯಾಂಕಿಗೆ ಲಿಖಿತ ಘೋಷಣೆ ಕೊಡಿ. 18 ತುಂಬಿದ ನಂತರದ ಬಡ್ಡಿ ಮಗನದೋ ಮಗಳದೋ ಸ್ವಂತ ಆದಾಯ.

ಪ್ರಶ್ನೆ: 2021ರ ಡಿಸೆಂಬರಿನಲ್ಲಿ ಪರಿಹಾರ ಬಂದಾಗ ಹಿಡಿದ ಟಿಡಿಎಸ್ ಬಗ್ಗೆ ಈಗ ಗೊತ್ತಾಯಿತು. ರಿಟರ್ನ್ ಹಾಕಿರಲಿಲ್ಲ. ದಾರಿ ಇದೆಯೇ?
— ಓದುಗರು, ಕೊಪ್ಪಳ

ಉತ್ತರ: ಇದೆ. ಅಪ್‌ಡೇಟೆಡ್ ರಿಟರ್ನ್ (ಗಡುವು ಮುಗಿದ ಮೇಲೆ ಹೆಚ್ಚುವರಿ ತೆರಿಗೆ ಕಟ್ಟಲು ಹಾಕುವಂಥದ್ದು) ಹಾಕಲು ಯಾರಾದರೂ ಹೇಳಿದರೆ ಕೇಳಬೇಡಿ, ಅದರಲ್ಲಿ ರೀಫಂಡ್ ಸಿಗುವುದಿಲ್ಲ. ವಿಳಂಬ ಮನ್ನಾ ಕೋರಿ ಕಲಂ 119(2)(ಬಿ) ಅಡಿ ಅರ್ಜಿ ಹಾಕಿ. ಕರನಿರ್ಧಾರಣಾ ವರ್ಷ (ಹಣ ಬಂದ ಹಣಕಾಸು ವರ್ಷದ ಮುಂದಿನ ವರ್ಷ) ಮುಗಿದ ಐದು ವರ್ಷದೊಳಗೆ ಅವಕಾಶ. ನಿಮ್ಮದು 2022-23, ಹಾಗಾಗಿ 2028ರ ಮಾರ್ಚ್ 31 ಕೊನೆಯ ದಿನ. ಪೋರ್ಟಲ್‌ನ ಸೇವೆಗಳ ಪಟ್ಟಿಯಲ್ಲೇ ಈ ಅರ್ಜಿ ಇದೆ. ತೀರ್ಪು, 26ಎಎಸ್, ಆಸ್ಪತ್ರೆಯ ಡಿಸ್‌ಚಾರ್ಜ್ ಸಾರಾಂಶ, ಅಂಗವೈಕಲ್ಯ ಪ್ರಮಾಣಪತ್ರ ಲಗತ್ತಿಸಿ, ತಡವಾದದ್ದಕ್ಕೆ ಕಾರಣವನ್ನು ದಿನಾಂಕ ಸಹಿತ ಬರೆಯಿರಿ. ಮಂಜೂರಾದ ಮೇಲೆ ರಿಟರ್ನ್ ಸಲ್ಲಿಸಬೇಕು. ಹೀಗೆ ಬರುವ ರೀಫಂಡ್‌ಗೆ ಬಡ್ಡಿ ಸೇರುವುದಿಲ್ಲ.

ಪ್ರಶ್ನೆ: ನನ್ನದೇ ಲಾರಿ ಅಪಘಾತವಾಗಿ ಮೂರು ತಿಂಗಳು ಗ್ಯಾರೇಜಿನಲ್ಲಿತ್ತು. ವಿಮಾ ಹಣಕ್ಕೆ ತೆರಿಗೆ ಹೇಗೆ?
— ಓದುಗರು, ಚಿತ್ರದುರ್ಗ

ಉತ್ತರ: ಲೆಕ್ಕಪುಸ್ತಕ ಇಟ್ಟಿದ್ದರೆ ರಿಪೇರಿ ಖರ್ಚಿನಲ್ಲಿ ವಿಮೆ ಭರಿಸಿದ್ದನ್ನು ಬಿಟ್ಟು ಉಳಿದದ್ದಷ್ಟೇ ನಿಮ್ಮ ಖರ್ಚು. ಲಾರಿ ಪೂರ್ತಿ ಹೋಗಿದ್ದರೆ ವಿಮಾ ಹಣ ಮತ್ತು ಗುಜರಿ ಬೆಲೆಯನ್ನು ಸವಕಳಿ ಲೆಕ್ಕದ ಮೌಲ್ಯದಿಂದ ಕಳೆಯಬೇಕು. ಬಾಡಿಗೆ ನಷ್ಟಕ್ಕೆಂದು ಏನಾದರೂ ಬಂದಿದ್ದರೆ ಅದು ವ್ಯಾಪಾರದ ಆದಾಯ, ಅದಕ್ಕೆ ತೆರಿಗೆ ಇದೆ.

ಹತ್ತು ಲಾರಿಯವರೆಗಿನ ಮಾಲೀಕರಿಗಿರುವ ಅಂದಾಜು ಪದ್ಧತಿ (1961ರ ಕಾಯ್ದೆಯ ಕಲಂ 44ಎಇ) ಆರಿಸಿಕೊಂಡಿದ್ದರೆ, ಗ್ಯಾರೇಜಿನಲ್ಲಿದ್ದ ಮೂರು ತಿಂಗಳನ್ನು ಬಿಡುವಂತಿಲ್ಲ. ಲಾರಿ ಓಡಿದ ತಿಂಗಳಲ್ಲ, ನಿಮ್ಮ ಒಡೆತನದಲ್ಲಿದ್ದ ತಿಂಗಳು ಲೆಕ್ಕ. 12 ಟನ್‌ಗಿಂತ ಹೆಚ್ಚು ಒಟ್ಟು ತೂಕದ ಲಾರಿಗೆ ಟನ್‌ಗೆ ತಿಂಗಳಿಗೆ 1,000 ರೂ. 25 ಟನ್ನಿನದಾದರೆ ನಿಂತಿದ್ದ ಮೂರು ತಿಂಗಳಿಗೂ 75,000 ರೂ. ಆದಾಯ ತೋರಿಸಲೇಬೇಕು. ಅದಕ್ಕಿಂತ ಕಡಿಮೆ ತೋರಿಸುವುದಾದರೆ ಲೆಕ್ಕಪುಸ್ತಕ ಬೇಕು, ಆಡಿಟ್ ಕೂಡ ಮಾಡಿಸಬೇಕಾಗುತ್ತದೆ. ಒಂದೇ ಲಾರಿಯಿದ್ದರೆ ಆಡಿಟ್ ಫೀ ಎಷ್ಟಾಗುತ್ತದೆ ಎಂದು ಮೊದಲು ಕೇಳಿಕೊಂಡು ತೀರ್ಮಾನಿಸಿ.