ಅದೇ ಜೋಕು, ಅದೇ ಜಿಪುಣ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

“ಕಳೆದ ಸಂಚಿಕೆಯಲ್ಲಿ ನೀವು ಅಮೆರಿಕದ ರೇಡಿಯೋ ಹಾಸ್ಯಗಾರ ಜಾಕ್ ಬೆನ್ನಿ ಬಗ್ಗೆ ಬರೆದದ್ದನ್ನು ಓದಿ, ಇಂಟರ್‌ನೆಟ್‌ನಲ್ಲಿ ಸಿಕ್ಕ ಅವರ ಹಳೆಯ ಕಾರ್ಯಕ್ರಮಗಳನ್ನು ಕೇಳಿದೆ. ಎಲ್ಲದರಲ್ಲೂ ಅದೇ ಜಿಪುಣತನ, ಅದೇ ಡಕೋಟಾ ಕಾರು, ಅದೇ ‘ನನಗೆ ಮೂವತ್ತೊಂಬತ್ತು ವರ್ಷ’. ಹೇಳಿದ್ದೇ ಹೇಳೋ ಕಿಸ್ಬಾಯಿ ದಾಸ ಅಂತಾರಲ್ಲ, ಹಾಗಾಯ್ತು. ನಮ್ಮ ಟೀವಿ ಕಾಮಿಡಿ ಶೋಗಳನ್ನು ಇದೇ ಕಾರಣಕ್ಕೆ ಬೈಯುವ ನೀವು ಇವರಿಗೆ ಮಾತ್ರ ರಿಯಾಯಿತಿ ಕೊಟ್ಟದ್ದೇಕೆ?”
— ಒಬ್ಬ ಓದುಗರು, ಹಾಸನ

ಮಾನ್ಯರೇ,

ರಿಯಾಯಿತಿ ಏನೂ ಕೊಟ್ಟಿಲ್ಲ. ಆದರೆ ಹಾಗೆಂದು ಒಂದು ಸಾಲಿನಲ್ಲಿ ಹೇಳಿ ಮುಗಿಸಿದರೆ ನಿಮ್ಮ ಪತ್ರಕ್ಕೆ ಅನ್ಯಾಯವಾಗುತ್ತದೆ. ಹಾಸ್ಯವನ್ನು ಇಷ್ಟು ಗಮನ ಕೊಟ್ಟು ಕೇಳಿ ಜಗಳಕ್ಕೆ ಬರುವ ಓದುಗರು ಸಿಗುವುದೇ ಅಪರೂಪ. ಹಾಗಾಗಿ ವಿವರವಾಗಿಯೇ ಬರೆಯುತ್ತೇನೆ.

1948ರ ಮಾರ್ಚ್ 28ರ ಕಂತು ನೀವು ಕೇಳಿದವುಗಳಲ್ಲಿತ್ತೋ ಇಲ್ಲವೋ. ಅದರಲ್ಲಿ ಜಾಕ್ (ಬೆನ್ನಿ ತಮ್ಮದೇ ಹೆಸರಿನಲ್ಲಿ ಆಡುತ್ತಿದ್ದ ಜಿಪುಣನ ಪಾತ್ರ) ಪಕ್ಕದ ಮನೆಯ ನಟ ರೊನಾಲ್ಡ್ ಕೋಲ್ಮನ್ ಅವರ ಆಸ್ಕರ್ ಪ್ರಶಸ್ತಿಯನ್ನು ಕೇಳಿ ಇಸಕೊಂಡಿದ್ದಾನೆ. ಕೋಲ್ಮನ್‌ಗೆ ಆ ಪ್ರಶಸ್ತಿ ನಿಜವಾಗಿಯೂ ಬಂದು ಆಗಿನ್ನೂ ಒಂದು ವಾರವಾಗಿತ್ತಷ್ಟೆ. ಅದನ್ನು ಹಿಡಿದು ಮನೆ ಕಡೆ ನಡೆದು ಬರುವಾಗ ಕಳ್ಳನೊಬ್ಬ ಅಡ್ಡ ಹಾಕುತ್ತಾನೆ.

“ದುಡ್ಡು ಕೊಡ್ತೀಯೋ, ಪ್ರಾಣ ಕೊಡ್ತೀಯೋ?”

ಜಾಕ್ ತುಟಿ ಬಿಚ್ಚುವುದಿಲ್ಲ. ಸ್ಟುಡಿಯೋದಲ್ಲಿ ಕೂತ ಜನ ಅಷ್ಟಕ್ಕೇ ನಗಲು ಶುರು ಮಾಡುತ್ತಾರೆ. ಕಳ್ಳನಿಗೆ ತಾಳ್ಮೆ ತಪ್ಪುತ್ತದೆ. “ಏಯ್, ಕೇಳಿಸ್ತಾ? ದುಡ್ಡೋ, ಪ್ರಾಣವೋ?”

“ಇರಯ್ಯಾ, ಯೋಚ್ನೆ ಮಾಡ್ತಾ ಇದೀನಿ!”

ಆ ಮೊದಲ ನಗು ಯಾವುದಕ್ಕೆ ಬಂತು ಎಂದು ಸ್ವಲ್ಪ ನೋಡಿ. ಆಗಿನ್ನೂ ಜಾಕ್ ಏನೂ ಹೇಳಿಲ್ಲ. ರೇಡಿಯೋದಲ್ಲಿ ಮಾತು ನಿಂತರೆ ಕೇಳುಗರು ಸ್ಟೇಷನ್ ಕೆಟ್ಟಿತೇನೋ ಎಂದು ತಿರುಗುಗುಂಡಿಗೆ ಕೈ ಹಾಕುತ್ತಾರೆ. ಮುಖ ಕಾಣದ ಮಾಧ್ಯಮದಲ್ಲಿ ಮೌನದಷ್ಟು ಅಪಾಯದ್ದು ಇನ್ನೊಂದಿಲ್ಲ. ಆದರೂ ಇಲ್ಲಿ ಮೌನಕ್ಕೆ ನಗು ಬಂತು. ಯಾಕೆಂದರೆ 1932ರಿಂದ ಶುರುವಾದ ಕಾರ್ಯಕ್ರಮವನ್ನು ವರ್ಷಗಟ್ಟಲೆ ಕೇಳುತ್ತ ಬಂದ ಜನಕ್ಕೆ ಈ ಮನುಷ್ಯನ ತಲೆಯೊಳಗೆ ಆ ಗಳಿಗೆಯಲ್ಲಿ ಯಾವ ಲೆಕ್ಕಾಚಾರ ನಡೆದಿದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಜೋಕನ್ನು ಅವರೇ ಪೂರ್ತಿ ಮಾಡಿಕೊಂಡರು. ಜಾಕ್ ಬೆನ್ನಿಯನ್ನು ಆವತ್ತೇ ಮೊದಲು ಕೇಳಿದವನಿಗೆ ಅಲ್ಲಿ ನಗಲು ಏನೂ ಇರಲಿಲ್ಲ. ಪುನರಾವರ್ತನೆಯ ಬಗ್ಗೆ ನಾನು ಹೇಳಬೇಕೆಂದಿರುವುದು ಇದೇ: ಅದು ಕೇಳುಗನ ಕೈಗೆ ಅರ್ಧ ಕೆಲಸ ಕೊಡುತ್ತದೆ, ಆಗ ಕಲಾವಿದನಿಗೆ ಸುಮ್ಮನಿರುವ ಧೈರ್ಯ ಬರುತ್ತದೆ.

ಆದರೆ ಬರೀ ಹೇಳಿದ್ದನ್ನೇ ಹೇಳಿದರೆ ಆ ಧೈರ್ಯ ಬರುವುದಿಲ್ಲ. ನೀವು ಕೇಳಿದ ಕಾರಿನದನ್ನೇ ತಗೊಳ್ಳಿ. ಅದು ಮ್ಯಾಕ್ಸ್‌ವೆಲ್ ಕಾರು. ಆ ಹೆಸರಿನ ಕಾರುಗಳ ತಯಾರಿಕೆ 1925ಕ್ಕೇ ನಿಂತಿತ್ತು. ಇಪ್ಪತ್ತು ವರ್ಷ ಕಳೆದರೂ ಜಾಕ್ ಅದನ್ನೇ ಓಡಿಸುತ್ತಿದ್ದಾನೆ ಎಂದರೆ ಜಿಪುಣತನದ ಬಗ್ಗೆ ಒಂದು ಮಾತೂ ಆಡಬೇಕಿಲ್ಲ. ಎಂಜಿನ್ ಶುರುವಾಗುವ ಸದ್ದನ್ನು ಮೊದಲು ರೆಕಾರ್ಡ್‌ನಿಂದ ಹಾಕುತ್ತಿದ್ದರಂತೆ. ಒಮ್ಮೆ ಅದು ಕೈಕೊಟ್ಟಾಗ ನಟ ಮೆಲ್ ಬ್ಲಾಂಕ್ ಮೈಕ್ ಮುಂದೆ ನಿಂತು ಬಾಯಲ್ಲೇ ಕೆಮ್ಮಿ, ಉಬ್ಬಸಪಟ್ಟು, ಸೀನಿ ಕಾರು ಹೊರಡಿಸಿದರು. ಅಂದಿನಿಂದ ಆ ಕಾರೂ ಒಂದು ಪಾತ್ರವಾಯಿತು. ಇನ್ನೊಮ್ಮೆ ಕೇಳುವಾಗ ಅದಕ್ಕೇ ಕಿವಿಗೊಡಿ. ಎರಡು ಸಲ ಒಂದೇ ಥರ ಕೆಮ್ಮುವುದಿಲ್ಲ.

ಮನೆಯ ನೆಲಮಾಳಿಗೆಯಲ್ಲಿ ದುಡ್ಡಿನ ತಿಜೋರಿ, ಅದಕ್ಕೊಬ್ಬ ಕಾವಲುಗಾರ ಎಡ್. ಯಾವ ಕಾಲದಿಂದಲೋ ಅವನು ಮೇಲೆ ಬಂದೇ ಇಲ್ಲ. ಹೊರಗಿನ ಲೋಕದಲ್ಲಿ ಏನಾಗಿದೆಯೆಂದೇ ಅವನಿಗೆ ಗೊತ್ತಿಲ್ಲ. ಜಾಕ್ ಪ್ರತಿ ಸಲ ಇಳಿದು ಹೋದಾಗಲೂ ಕೇಳುಗರು ಕಾಯುತ್ತಿದ್ದುದು ಈ ಸಲ ಎಡ್ ಯಾವ ಕಾಲದ ಸುದ್ದಿ ಕೇಳುತ್ತಾನೆ ಎಂದು. ಮೆಟ್ಟಿಲು ಹಳೆಯದು, ಕೆಳಗೆ ಸಿಗುವ ಮಾತು ಹೊಸದು. ರೈಲ್ವೆ ಸ್ಟೇಷನ್ನಿನಲ್ಲಿ ಮೆಲ್ ಬ್ಲಾಂಕ್ ಮಾಡುತ್ತಿದ್ದ ಪ್ರಕಟಣೆಯಂತೂ ಅಕ್ಷರಶಃ ಅದೇ: “ಅನಾಹೈಮ್, ಅಜೂಸಾ ಮತ್ತು ಕುಕ... ಮಾಂಗಾ!” ಮೂರೂ ದಕ್ಷಿಣ ಕ್ಯಾಲಿಫೋರ್ನಿಯಾದ ಊರುಗಳು. ಬದಲಾಗುತ್ತಿದ್ದುದು ‘ಕುಕ’ಕ್ಕೂ ‘ಮಾಂಗಾ’ಕ್ಕೂ ನಡುವಿನ ಬಿಡುವು ಮಾತ್ರ. ಅದು ಉದ್ದವಾಗುತ್ತ ಹೋಗಿ, ನಡುವೆ ಬೇರೆಯವರ ಮಾತುಕತೆಯೇ ನಡೆದುಹೋಗುವಷ್ಟಾಯಿತು. ಈಗ ರ‍್ಯಾಂಚೋ ಕುಕಮಾಂಗಾ ಊರಿನಲ್ಲಿ ಜಾಕ್ ಬೆನ್ನಿಯ ಪ್ರತಿಮೆ ಇದೆ. ಒಂದು ಊರು ತನ್ನ ಹೆಸರನ್ನು ಎರಡು ತುಂಡು ಮಾಡಿದವನಿಗೆ ಪ್ರತಿಮೆ ನಿಲ್ಲಿಸಿದೆ ಎಂದರೆ ಆ ನಗುವಿನಲ್ಲಿ ಯಾರಿಗೂ ನೋವಾಗಿರಲಿಲ್ಲ ಎಂದೇ ನಾನು ತಿಳಿದಿದ್ದೇನೆ.

ಆ ಕಾರ್ಯಕ್ರಮ ನನಗೆ ಇಷ್ಟವಾಗಲು ಮುಖ್ಯ ಕಾರಣವೂ ಇಲ್ಲೇ ಇದೆ. ಅಲ್ಲಿ ನಗೆಪಾಟಲಿಗೆ ಈಡಾಗುವವನು ಯಜಮಾನ. ನಿರೂಪಕ ಡಾನ್ ವಿಲ್ಸನ್, ಹಾಡುಗಾರ ಡೆನಿಸ್ ಡೇ, ಮೇರಿ ಲಿವಿಂಗ್‌ಸ್ಟನ್ (ಇವರು ನಿಜಜೀವನದಲ್ಲಿ ಜಾಕ್‌ರ ಹೆಂಡತಿ), ಅಂಗಡಿಯಲ್ಲಿ “ಯೆ...ಸ್?” ಎಂದು ರಾಗ ಎಳೆಯುವ ಫ್ರಾಂಕ್ ನೆಲ್ಸನ್, ಎಲ್ಲರೂ ಅವನ ಕಾಲೆಳೆಯುವವರೇ. ಒಳ್ಳೆಯ ಜೋಕೆಲ್ಲ ಉಳಿದವರಿಗೆ ಹೋಗುತ್ತಿತ್ತು, ಪೆಟ್ಟು ತಿನ್ನುವುದು ಜಾಕ್ ಪಾಲಿಗೆ. ನಿಜವಾದ ಬೆನ್ನಿ ಕೈ ಬಿಚ್ಚಿ ಕೊಡುವ ಮನುಷ್ಯ. ಜಾಕ್ ಬೆಸೂರಾಗಿ ಪಿಟೀಲು ಬಾರಿಸುವುದೂ ಕಾರ್ಯಕ್ರಮದ ಒಂದು ಹಳೆಯ ಜೋಕು. ಅದನ್ನೇ ಹಿಡಿದು ದೊಡ್ಡ ದೊಡ್ಡ ಆರ್ಕೆಸ್ಟ್ರಾಗಳ ಜೊತೆ ಕಛೇರಿ ಮಾಡಿ, ಅವುಗಳಿಗಾಗಿ ಲಕ್ಷಗಟ್ಟಲೆ ಡಾಲರ್ ಕೂಡಿಸಿಕೊಟ್ಟರು.

ಹಾಗೆಂದು ಅಲ್ಲಿ ಎಲ್ಲವೂ ಸರಿಯಿತ್ತು ಎನ್ನಲಾರೆ. ಮನೆಗೆಲಸದ ರಾಚೆಸ್ಟರ್ ಪಾತ್ರ ಮಾಡಿದ ಎಡ್ಡಿ ಆಂಡರ್ಸನ್ ಕರಿಯ ಜನಾಂಗದವರು. 1937ರಲ್ಲಿ ರೈಲಿನ ಪೋರ್ಟರ್ ಆಗಿ ಒಂದು ಕಂತಿಗೆ ಬಂದವರು ಜನ ಮೆಚ್ಚಿದ್ದರಿಂದ ಉಳಿದರು. ಮೊದಮೊದಲು ಆ ಪಾತ್ರಕ್ಕೆ ಅಂಟಿಸಿದ ಗುಣಗಳು ಜೂಜು, ಕುಡಿತ: ಬಿಳಿಯರು ಕರಿಯರ ಬಗ್ಗೆ ಇಟ್ಟುಕೊಂಡಿದ್ದ ಹಗುರ ಕಲ್ಪನೆಗಳು. ಎರಡನೇ ಮಹಾಯುದ್ಧದ ನಂತರ ಬೆನ್ನಿ ಅವನ್ನು ಕೈಬಿಡಲು ತೀರ್ಮಾನಿಸಿದರು. 1950ರಲ್ಲಿ ಹಳೆಯ ಸ್ಕ್ರಿಪ್ಟೊಂದನ್ನು ಮತ್ತೆ ಬಳಸಿದಾಗ ಅಂಥ ಜೋಕುಗಳು ನುಸುಳಿ ಕೇಳುಗರಿಂದ ಆಕ್ಷೇಪಣೆಯೂ ಬಂತು. ಕೊನೆಗೂ ಉಳಿದದ್ದು ರಾಚೆಸ್ಟರನ ಗೊಗ್ಗರು ದನಿ, ಯಜಮಾನನನ್ನು ಒಂದೇ ಮಾತಿನಲ್ಲಿ ಕೆಳಗಿಳಿಸುವ ಅವನ ಚುರುಕು. ಪಾತ್ರದಿಂದ ಹುಟ್ಟಿದ ಚಾಳಿಗೂ ಜಾತಿಯ ಮೇಲೆ, ಬಣ್ಣದ ಮೇಲೆ ಹೊರಿಸಿದ ಚಾಳಿಗೂ ಇರುವ ಅಂತರ ಇದು. ಎರಡನೆಯದನ್ನು ಒಂದೇ ಸಲ ಹೇಳಿದರೂ ಹೆಚ್ಚಾಯಿತು.

ಈಗ ನಮ್ಮ ಶೋಗಳ ವಿಷಯ. ದಪ್ಪಗಿರುವವರನ್ನು, ಕಪ್ಪಗಿರುವವರನ್ನು, ಸೀರೆ ಉಟ್ಟು ಬಂದ ಗಂಡಸನ್ನು ವಾರವಾರವೂ ಅದೇ ಮಾತಲ್ಲಿ ಆಡಿಕೊಳ್ಳುವುದನ್ನು ನಾನು ಬೈದದ್ದು ನಿಜ, ಮುಂದೆಯೂ ಬೈಯುತ್ತೇನೆ. ಅಲ್ಲಿ ಮಾತು ಮರಳಿ ಬರುತ್ತದೆ, ಮನುಷ್ಯ ಬರುವುದಿಲ್ಲ. ಆ ಡೈಲಾಗನ್ನು ಇವನ ಬದಲು ಅವನು ಹೇಳಿದರೂ ಏನೂ ವ್ಯತ್ಯಾಸವಾಗದು. “ಯೋಚ್ನೆ ಮಾಡ್ತಾ ಇದೀನಿ” ಎನ್ನುವ ಮಾತನ್ನು ಡೆನಿಸ್ ಡೇ ಬಾಯಲ್ಲಿಟ್ಟು ನೋಡಿ, ಸತ್ತುಹೋಗುತ್ತದೆ.

ನಿಮ್ಮಲ್ಲಿ ಒಂದು ಕೋರಿಕೆ. ಅಲ್ಲೊಂದು ಇಲ್ಲೊಂದು ಕಂತು ಹೆಕ್ಕದೆ, 1946ರಿಂದ 1948ರವರೆಗಿನವನ್ನು ಪ್ರಸಾರವಾದ ಕ್ರಮದಲ್ಲೇ ಕೇಳಿ. ಕ್ರಿಸ್‌ಮಸ್ ಖರೀದಿಯ ಕಂತುಗಳನ್ನು ಬಿಡಲೇಬೇಡಿ. ಜಾಕ್ ಡಾನ್ ವಿಲ್ಸನ್‌ಗೆ ಉಡುಗೊರೆ ಕೊಡಲು ಶೂ ಲೇಸ್ ಕೊಳ್ಳುತ್ತಾನೆ. ತುದಿಗೆ ಪ್ಲಾಸ್ಟಿಕ್ಕಿನದು ಒಳ್ಳೆಯದೋ ಲೋಹದ್ದೋ ಎಂದು ತೀರ್ಮಾನವಾಗದೆ ಅದನ್ನು ಬದಲಾಯಿಸಲು ಮತ್ತೆ ಮತ್ತೆ ಅಂಗಡಿಗೆ ಬರುತ್ತಾನೆ. ಗುಮಾಸ್ತ ಮೆಲ್ ಬ್ಲಾಂಕ್ ಮೊದಲು ಬಹಳ ಮರ್ಯಾದೆಯಿಂದಲೇ ಕಟ್ಟಿಕೊಡುತ್ತಾರೆ. ಕೊನೆಕೊನೆಗೆ ಜಾಕ್‌ನ ದನಿ ಕೇಳಿದರೇ ಚೀರುತ್ತಾರೆ. ಬೇರೆ ವರ್ಷ ಬೇರೆ ಉಡುಗೊರೆ, ಅದೇ ಗುಮಾಸ್ತ. ಕೇಳಿ ನೋಡಿ, ಆಮೇಲೂ ಬೇಸರವಾದರೆ ದಯವಿಟ್ಟು ಇನ್ನೊಂದು ಪತ್ರ ಬರೆಯಿರಿ. ಅದನ್ನೂ ಅಚ್ಚು ಹಾಕುತ್ತೇನೆ.

— ಸಂಪಾದಕ